ಕೆಂಪು ಕಾರಿನ ದೊಡ್ಡಮಾವ

ನಮ್ಮ ಮನೆಯವರ ದೊಡ್ಡಪ್ಪ, ನನಗೆ ದೊಡ್ಡಮಾವ, ವರ್ಷಕ್ಕೊಮ್ಮೆ ನಡೆಯುವ ಹಳೆಯ ಕಾರುಗಳ ರೇಸಿಗೆ ತಮ್ಮ ಕೆಂಪು ಕಾರನ್ನು ಕರೆದುಕೊಂಡು ಹೋಗುತ್ತಾರೆ. ಒಯ್ಯುತ್ತಾರೆ ಅಂದರೆ ಅವರಿಗೆ ಸಿಟ್ಟು. ನಾನು ಪಾಪುವಿಗೆ ಎಣ್ಣೆ ತಿಕ್ಕುವುದಕ್ಕಿಂತ ಮುತುವರ್ಜಿಯಿಂದ ಅದಕ್ಕೆ ಎಣ್ಣೆ ಹಾಕುತ್ತಾರೆ. ಬಾಗಿಲು ಜೋರಾಗಿ ಹಾಕಿದರೆ, "ಮೆತ್ತಗಮ್ಮ, ಅದಕ್ಕೂ ನನ್ನಷ್ಟೇ ವಯಸ್ಸು" ಅನ್ನುತ್ತಾರೆ. ಪ್ರತಿ ಸಲವೂ ಕೊನೆಯವರಾಗಿ ಬಂದು, "ಮುಂದೆ ಹೋದವರಿಗೆ ಏನೋ ಅವಸರವಿತ್ತು" ಎಂದು ಮೀಸೆ ತಿರುವುತ್ತಾರೆ. ರೇಸಿಗೆ ಮೊದಲು ಸಿಕ್ಕಸಿಕ್ಕವರನ್ನೆಲ್ಲ, ಚಹಾ ಮಾರುವವನನ್ನೂ ಬಿಡದೆ, ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೊಡೆಸಿ, "ಹೇಗಿದೆ ಸದ್ದು?" ಎಂದು ಕೇಳುವುದು ಈಚಿನ ಚಟ. ಹೊಗಳಿಕೆಯ ಆಸೆ ಎಂದುಕೊಂಡು ಎಲ್ಲರೂ "ಸೂಪರ್" ಎಂದು ಇಳಿದುಬಿಡುತ್ತಾರೆ. ಈ ಸಲ ಪಾಪುವನ್ನು ಅತ್ತೆಯ ಕೈಗೆ ಕೊಟ್ಟು ನಾನು ಹತ್ತಿದೆ. ಎರಡನೇ ತಿರುವಿನಲ್ಲಿ ಸೀಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ "ಸೂಪರ್ ಮಾವ" ಅಂದೆ. ಅವರು ಕಾರನ್ನು ಬದಿಗೆ ನಿಲ್ಲಿಸಿದರು, ಇಂಜಿನ್ ಆರಿಸಲಿಲ್ಲ. "ಕಿವಿಗೆ ಮಿಷಿನ್ ಹಾಕ್ಕೊಂಡ ಮೇಲೆ ಮಾತು ಕೇಳುತ್ತೆ ಕಣಮ್ಮ, ಇಂಜಿನ್ನು ಮಾತ್ರ ಬರೀ ಗಲಾಟೆ. ಇದು ಚೆನ್ನಾಗಿದೆಯೋ ನರಳ್ತಿದೆಯೋ ಗೊತ್ತಾಗದೆ ರೇಸಿಗೆ ಹೇಗೆ ಬಿಡ್ಲಿ? ಯಾರೂ ನಿಜ ಹೇಳಲ್ಲ." ನಾನು ಇಳಿದು, ಪಾಪುವಿಗೆ ನೆಗಡಿಯಾದಾಗ ಎದೆಗೆ ಕಿವಿಗೊಡುವಂತೆ, ಬಾನೆಟ್ಟಿನ ಹತ್ತಿರ ಬಗ್ಗಿ ಬಹಳ ಹೊತ್ತು ಆಲಿಸಿದೆ. "ಒಂದೇ ಸಮ ಉಸಿರಾಡ್ತಿದೆ ಮಾವ. ಕೆಮ್ಮಿಲ್ಲ, ಗೊರಗೊರ ಇಲ್ಲ." ದೊಡ್ಡಮಾವ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡರು. "ಹಾಗಾದ್ರೆ ಸರಿ. ಕೊನೇ ಸ್ಥಾನ ಈ ವರ್ಷವೂ ನಮ್ಮದೇ."