ಹಡಗು ಹತ್ತಿದ ಕಾರ್ಡು

ವಿನಿಪೆಗ್‌ನ ವೃದ್ಧಾಶ್ರಮದಲ್ಲಿ ಮಾರಿವಿಕ್ ಮತ್ತು ದಿವಿನಾ ಒಂದೇ ಪಾಳಿಯ ಆಯಾಗಳು. ಫಿಲಿಪೀನ್ಸಿನ ಇಲೊಯಿಲೊದಲ್ಲಿ ಇಬ್ಬರದೂ ಒಂದೇ ಓಣಿ. ಕೆನಡಾದ ಕಾಯಂ ವಾಸಕ್ಕೆ ಅರ್ಜಿ ಹಾಕಿದ್ದೂ ಒಂದೇ ದಿನ. ದಿವಿನಾಳಿಗೆ ಮಂಜೂರಾತಿ ಪತ್ರ ಬಂತು. ಮಾರಿವಿಕ್‌ಳ ಅರ್ಜಿ ಎಲ್ಲಿ ಕೊಳೆಯುತ್ತಿತ್ತೋ!

ಪತ್ರ ಬಂದ ವಾರವೇ ದಿವಿನಾ ಊರಿಗೆ ಹೊರಟಳು. ಪತ್ರದ ಹಿಂದೆ ಅಂಚೆಯಲ್ಲಿ ಬರುವ ಕಾಯಂ ವಾಸದ ಕಾರ್ಡು ಕೈಯಲ್ಲಿಲ್ಲದಿದ್ದರೆ ವಾಪಸು ವಿಮಾನ ಹತ್ತಿಸುವುದಿಲ್ಲವೆಂದು ಮಾರಿವಿಕ್‌ಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಊರಲ್ಲಿದ್ದ, ತಾನು ಐದು ವರ್ಷದಿಂದ ಕಾಣದ ಮಗಳಿಗೆ ಒಂದು ಜೊತೆ ಬೂಟು ಕೊಟ್ಟು ಕಳಿಸಿದಳು.

ನಾಲ್ಕನೇ ದಿನ ಫೋಟೋ ಬಂತು. ಹೊಸ ಬೂಟಿನ ಮಗಳು ದಿವಿನಾಳ ಕೊರಳು ತಬ್ಬಿ ತೊಡೆಯೇರಿ ಕೂತಿದ್ದಳು. ಮಾರಿವಿಕ್‌ಳ ಹೊಟ್ಟೆ ಧಗಧಗ ಉರಿಯಿತು.

ಮರುವಾರ ಇಬ್ಬರೂ ಕೂಡಿ ಇದ್ದ ಬಾಡಿಗೆ ಮನೆಗೆ ದಿವಿನಾಳ ಕಾರ್ಡು ಅಂಚೆಯಲ್ಲಿ ಬಂತು, ಹಿಂದೆಯೇ ಅವಳ ಫೋನು.

"ಕಾರ್ಡಿಲ್ದೆ ವಿಮಾನ ಹತ್ಸಲ್ವಂತೆ ಕಣೇ! ಇವತ್ತೇ ಕಳ್ಸು, ನಿನ್ ದಮ್ಮಯ್ಯ. ಅಂದ್ಹಾಗೆ, ನಿನ್ ಮಗಳು ನನ್ ಪಕ್ಕದಲ್ಲೇ ಮಲಗ್ಬೇಕಂತೆ!"

"ಇವತ್ತೇ ಕಳಿಸ್ತೀನಿ ಅಕ್ಕ."

ಊರಿಗೆ ಕಳಿಸುವ ದೊಡ್ಡ ರಟ್ಟಿನ ಪೆಟ್ಟಿಗೆ ಸೋಪು, ಚಾಕಲೇಟು, ಮಾಂಸದ ಡಬ್ಬಿಗಳಿಂದ ತುಂಬಿ ಮೂಲೆಯಲ್ಲಿತ್ತು. ಮಾರಿವಿಕ್ ಕಾರ್ಡನ್ನು ಟವೆಲಿನ ಮಡಿಕೆಯಲ್ಲಿಟ್ಟು ಪೆಟ್ಟಿಗೆಗೆ ಸುತ್ತಲೂ ಟೇಪು ಬಿಗಿದಳು. ಸಂಜೆ ಲಾರಿಯವನು ಬಂದು ಹೊತ್ತೊಯ್ದ. ಆ ಪೆಟ್ಟಿಗೆಗಳು ಹೋಗುವುದು ಹಡಗಿನಲ್ಲಿ, ಮೂರು ತಿಂಗಳ ದಾರಿ.

"ಅನುಭವಿಸಲಿ ಅಲ್ಲೇ," ಎಂದುಕೊಂಡು ಮಾರಿವಿಕ್ ಹಾಯಾಗಿ ಅನ್ನಕ್ಕೆ ಕೂತಳು. ಎರಡನೇ ತುತ್ತಿಗೆ ಕೈ ನಿಂತಿತು. ಆ ಮೂರು ತಿಂಗಳೂ ಮಗಳು ಮಲಗುವುದು ದಿವಿನಾಳ ಮಗ್ಗುಲಲ್ಲಿ.