ಫ್ರಿಜ್ಜಿನಲ್ಲಿ ಚಳಿಗಾಲ ಕಳೆದ ಗಿಡ

ಅಲೆಕ್ಸಾಂಡರ್ ಪಾಯ್ಸರಿಗೆ ಮೂವತ್ತು ವರ್ಷ ಅನ್ನ ಕೊಟ್ಟದ್ದು ಚಳಿ. ದುಬೈಯ ಜೆಬೆಲ್ ಅಲಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಅವರು ಮೇಲ್ವಿಚಾರಕರಾಗಿದ್ದರು. ಹೊರಗೆ ರಸ್ತೆಗೆ ಚಪ್ಪಲಿ ಅಂಟಿಕೊಳ್ಳುವ ಆಗಸ್ಟಿನಲ್ಲಿ ಅವರು ದಪ್ಪ ಕೋಟು, ಕೈಗವಸು, ಕಿವಿ ಮುಚ್ಚುವ ಟೊಪ್ಪಿ ಹಾಕಿಕೊಂಡು ಮೈನಸ್ ಹದಿನೆಂಟು ಡಿಗ್ರಿಯಲ್ಲಿ ಕೋಳಿಯ ಪೆಟ್ಟಿಗೆಗಳನ್ನು ಸಾಲಾಗಿ ಇಡಿಸುತ್ತಿದ್ದರು. ಕೆಲಸ ಮುಗಿದ ಮೇಲೆ ಕಂಪನಿಯ ಬಸ್ಸಿನಲ್ಲಿ ಕ್ಯಾಂಪಿನ ಕೋಣೆಗೆ ಹೋಗಿ ಮಲಗುತ್ತಿದ್ದರು. ಹೆಂಡತಿ ತೆರೆಸಾ ಕಿನ್ನಿಗೋಳಿಯಲ್ಲಿದ್ದರು. ಎರಡು ವರ್ಷಕ್ಕೊಮ್ಮೆ ರಜೆ. ಅವರ ಸಂಸಾರ ಮೊದಲು ಪತ್ರದಲ್ಲಿ, ಆಮೇಲೆ ಫೋನಿನಲ್ಲಿ ನಡೆಯಿತು.

ನಿವೃತ್ತರಾದ ಮೇಲೆ ಮಗಳು ಆನ್ ಮರಿಯಾ ಅಪ್ಪ ಅಮ್ಮ ಇಬ್ಬರನ್ನೂ ದುಬೈಯಲ್ಲೇ ಡಿಸ್ಕವರಿ ಗಾರ್ಡನ್ಸಿನ ತನ್ನ ಮನೆಗೆ ಕರೆಸಿಕೊಂಡಳು. ಅವಳು ನರ್ಸ್. ಗಂಡ ಲೆಸ್ಟರ್ ಹಡಗಿನ ಕೆಲಸದವನು, ವರ್ಷದಲ್ಲಿ ಬಹುಪಾಲು ನೀರಿನ ಮೇಲೆಯೇ ಇರುತ್ತಾನೆ. ಅವರಿಗೆ ಸ್ಟೇಸಿ ಎಂಬ ಪುಟ್ಟ ಮಗಳು. ತೆರೆಸಾರಿಗೆ ಬಂದಿಳಿದ ದಿನವೇ ಮೊಮ್ಮಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅಲೆಕ್ಸಾಂಡರರಿಗೆ ಸಿಕ್ಕಿದ್ದು ಸೋಫಾ.

ನಾನು ತಿಲಕ್, ಅವರ ಮೇಲಿನ ಮಹಡಿಯವನು. ನನ್ನ ಹೆಂಡತಿ ಉಡುಪಿಯಲ್ಲಿ ಬ್ಯಾಂಕಿನಲ್ಲಿದ್ದಾಳೆ, ನಾನು ಇಲ್ಲಿ ಶಿಪ್ಪಿಂಗ್ ಆಫೀಸಿನಲ್ಲಿದ್ದೇನೆ. ಹಾಗಾಗಿ ಶುಕ್ರವಾರದ ಊಟ ನನಗೆ ಅವರ ಮನೆಯಲ್ಲಿಯೇ. ಕ್ರಿಶ್ಚಿಯನ್ ಹಿರಿಯರನ್ನು ಕರೆಯುವ ನಮ್ಮ ಊರಿನ ರೂಢಿಯಂತೆ ಅವರನ್ನು ಪೊರ್ಬುಗಳು ಎನ್ನುತ್ತೇನೆ, ಅವರ ಹೆಂಡತಿಯನ್ನು ಬಾಯಮ್ಮ ಎನ್ನುತ್ತೇನೆ. ಗಿಡಗಳ ಬಗ್ಗೆ ನನಗೆ ಯಾವ ಪ್ರೀತಿಯೂ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ ಎಂಬ ಗಾದೆ ಸುಳ್ಳಲ್ಲ. ಪೊರ್ಬುಗಳು ಬಾಗಿಲ ಬಳಿಯ ಚಪ್ಪಲಿಗಳನ್ನು ಅಳತೆಯ ಪ್ರಕಾರ ಜೋಡಿಸಿದರು. ಫ್ರಿಜ್ಜಿನ ಬಾಗಿಲಿಗೆ ಕಾಗದದ ಚೂರು ಸಿಕ್ಕಿಸಿ ಎಳೆದು ರಬ್ಬರು ಸಡಿಲವಾಗಿದೆಯೇ ಎಂದು ವಾರಕ್ಕೊಮ್ಮೆ ಪರೀಕ್ಷೆ ಮಾಡಿದರು. ಬಾಯಮ್ಮ ಅಡುಗೆ ಮಾಡುವಾಗ ಹಿಂದೆ ನಿಂತು, ಫ್ರಿಜ್ಜಿನ ಬಾಗಿಲು ಎಷ್ಟು ಹೊತ್ತು ತೆರೆದಿರಬಹುದು ಎಂಬುದರ ಬಗ್ಗೆ ಪಾಠ ಹೇಳಿದರು. ಕೊನೆಗೆ ಬಾಯಮ್ಮ ನನ್ನನ್ನು ಕರೆದು, ಇವರನ್ನು ಎಲ್ಲಿಗಾದರೂ ಕರೆದುಕೊಂಡು ಹೋಗು ಎಂದರು.

ನಾನು ಮೀನು ತರಲು ಅಬುಧಾಬಿಯ ಅಲ್ ಮೀನಾ ಮಾರುಕಟ್ಟೆಗೆ ಹೊರಟಿದ್ದೆ, ಅವರನ್ನೂ ಕಾರಿನಲ್ಲಿ ಕೂರಿಸಿಕೊಂಡೆ. ಮೀನಿನ ವ್ಯಾಪಾರ ಮುಗಿದ ಮೇಲೆ ಅವರು ಕಾಣಲಿಲ್ಲ. ಹುಡುಕಿದರೆ ಗಿಡ ಮಾರುವವರ ಸಾಲಿನಲ್ಲಿ ನಿಂತಿದ್ದರು. ಒಂದು ಅಂಗಡಿಯ ಹಿಂದೆ ಎಸೆಯಲೆಂದು ಇಟ್ಟಿದ್ದ ಎರಡು ಒಣ ಕಡ್ಡಿಗಳು ಅವರ ಕೈಯಲ್ಲಿದ್ದವು. ಎಲ್ಲೋ ಚಳಿ ದೇಶದಿಂದ ಬಂದ ಹನಿಬೆರ್ರಿ ಎಂಬ ಹಣ್ಣಿನ ಎರಡು ತಳಿಯ ಗಿಡಗಳು. ಮೈನಸ್ ನಲವತ್ತರಲ್ಲೂ ಸಾಯುವುದಿಲ್ಲ ಎಂದು ಚೀಟಿಯಲ್ಲಿ ಬರೆದಿತ್ತು. ಪ್ಲಸ್ ನಲವತ್ತೈದರಲ್ಲಿ ಏನಾಗುತ್ತದೆ ಎಂದು ಬರೆದಿರಲಿಲ್ಲ. ಅಂಗಡಿಯವನು, ಇದು ಸತ್ತಿದೆ, ಖಲಾಸ್ ಎಂದ. ಪೊರ್ಬುಗಳು ಉಗುರಿನಿಂದ ತೊಗಟೆ ಕೆರೆದು ಒಳಗಿನ ಹಸಿರು ತೋರಿಸಿದರು. ಅವನು ಕಡ್ಡಿಗಳನ್ನು ಪುಕ್ಕಟೆ ಕೊಟ್ಟ. ವಾಪಸ್ ಬರುವಾಗ ಅವರು ಅವನ್ನು ಮಡಿಲಲ್ಲಿ ಇಟ್ಟುಕೊಂಡು, ಮೀನಿಗೆಂದು ಹಾಕಿದ ಎ.ಸಿ.ಯನ್ನು ಇನ್ನೂ ಜೋರು ಮಾಡಲು ಹೇಳಿದರು. ದುಬೈ ತಲುಪುವಷ್ಟರಲ್ಲಿ ನನಗೆ ಸೀನು ಶುರುವಾಗಿತ್ತು.

ಅವರ ಮನೆ ನೆಲಮಹಡಿಯದು. ಹಿಂದೆ ನಾಲ್ಕು ಕುಂಡ, ಒಂದು ಬಟ್ಟೆ ಒಣಗಿಸುವ ಸ್ಟ್ಯಾಂಡು ಹಿಡಿಸುವಷ್ಟು ಜಾಗ ಇದೆ. ಬಾಯಮ್ಮನ ಬಸಳೆಯನ್ನು ಪಕ್ಕಕ್ಕೆ ಸರಿಸಿ ಹನಿಬೆರ್ರಿ ಅಲ್ಲಿ ಕೂತಿತು. ಅದಕ್ಕೆ ನಲ್ಲಿಯ ನೀರು ಆಗುವುದಿಲ್ಲ ಎಂದು ನನ್ನ ಎ.ಸಿ.ಯ ಪೈಪಿನಿಂದ ಬೀಳುವ ನೀರಿಗೆ ಬಕೆಟ್ ಹಿಡಿದರು. ಬೇಸಿಗೆಯಲ್ಲಿ ಕುಂಡಗಳು ಹಾಲ್‌ನ ಕಿಟಕಿಯ ಬಳಿಗೆ, ಎ.ಸಿ.ಯ ಕೆಳಗೆ ಬಂದವು. ಮನೆಗೆ ಬಂದವರು ನಿಂತರೂ ಸರಿ, ಗಿಡಕ್ಕೆ ಜಾಗ ಬೇಕು.

ಮೊದಲ ವರ್ಷ ಎಲೆ ಬಂತು, ಹೂ ಬರಲಿಲ್ಲ. ಚಳಿಗಾಲದ ನಿದ್ದೆ ಆಗದೆ ಈ ಗಿಡ ಹೂ ಬಿಡುವುದಿಲ್ಲ ಎಂದು ಅವರು ಎಲ್ಲಿಯೋ ಓದಿದರು. ಅದು ಗೊತ್ತಾದ ದಿನ ಅವರ ಮುಖದಲ್ಲಿ ಸಂತೋಷ ಕಂಡಿತು. ಚಳಿ ಬೇಕಾದ ಗಿಡ ಸರಿಯಾದ ಮನುಷ್ಯನ ಕೈಗೇ ಬಂದಿತ್ತು. ಮುಂದಿನ ಡಿಸೆಂಬರಿನಲ್ಲಿ ಎಲೆ ಉದುರಿದ ಕೂಡಲೇ ಫ್ರಿಜ್ಜಿನ ತಟ್ಟೆಗಳನ್ನು ಕಳಚಿ ಎರಡೂ ಕುಂಡಗಳನ್ನು ಒಳಗಿಟ್ಟರು. ಸೇಬು, ಬಾಳೆಹಣ್ಣು ಅದರ ಹತ್ತಿರ ಇರಬಾರದಂತೆ, ಮೊಗ್ಗು ಕೆಡುತ್ತದಂತೆ. ಹಾಗಾಗಿ ಆ ಮನೆಯ ಹಣ್ಣು, ಹಾಲು, ಸಣ್ಣ ಎನ್ನುವ ಇಡ್ಲಿಯ ಹಿಟ್ಟು, ಮಸಾಲೆ ಹಚ್ಚಿದ ಮೀನು ಎಲ್ಲವೂ ಮೆಟ್ಟಿಲು ಹತ್ತಿ ನನ್ನ ಫ್ರಿಜ್ಜಿಗೆ ಬಂದವು. ಆ ಚಳಿಗಾಲವಿಡೀ ನಾನು ಕುಡಿದ ಹಾಲಿನಲ್ಲಿ ಬಂಗುಡೆಯ ವಾಸನೆ ಇತ್ತು. ಆನ್ ಮರಿಯಾ ಡ್ಯೂಟಿ ಮುಗಿಸಿ ಬಂದು ತಣ್ಣೀರು ಬೇಕಾದರೆ ನನ್ನ ಮನೆಯ ಬೆಲ್ ಒತ್ತಬೇಕಾಗಿತ್ತು. ಅವಳು ಅಪ್ಪನಿಗೆ ಒಂದು ಮಾತೂ ಹೇಳಲಿಲ್ಲ. ನಾನು ಹೇಳಿದೆ, ಅವರು ಕೇಳಲಿಲ್ಲ.

ಜನವರಿಯ ಕೊನೆಗೆ ಹೊರಗೆ ತೆಗೆದರು. ಸ್ವಲ್ಪ ದಿನದಲ್ಲಿ ತಿಳಿಹಳದಿ ಹೂಗಳು ಜೋಡಿ ಜೋಡಿಯಾಗಿ ಬಂದವು. ಎರಡು ಬೇರೆ ಬೇರೆ ತಳಿಗಳು ಹತ್ತಿರ ಇದ್ದರೆ ಮಾತ್ರ ಕಾಯಿ ಕಟ್ಟುತ್ತದೆ ಎಂದು ಪೊರ್ಬುಗಳು ವಿವರಿಸಿದರು. ಸ್ಟೇಸಿಯ ಪೇಂಟಿಂಗ್ ಬ್ರಶ್ಶಿನಿಂದ ಒಂದರ ಹೂವಿನ ಪರಾಗ ತೆಗೆದು ಇನ್ನೊಂದರ ಹೂವಿಗೆ ಸವರಿದರು. ಜೊತೆ ಇಲ್ಲದಿದ್ದರೆ ಫಲವಿಲ್ಲ ಎಂಬುದನ್ನು ಗಿಡದಿಂದ ಕಲಿತ ಮನುಷ್ಯ ಅದನ್ನು ಗಿಡಕ್ಕೆ ಮಾತ್ರ ಉಪಯೋಗಿಸಿದರು. ಯಾಕೆ ಹೀಗೆ ಹೇಳುತ್ತೇನೆಂದರೆ, ಈಸ್ಟರಿಗೆ ಮುಂಚಿನ ತಪಸ್ಸು ಕಾಲ ಶುರುವಾದ ಒಂದು ಶುಕ್ರವಾರ ಊಟದ ಮೇಜಿನಲ್ಲಿ ಅವರು ಇನ್ನು ಊರಿಗೆ ಹೋಗಿ ಇರುತ್ತೇನೆ ಎಂದರು.

ಬಾಯಮ್ಮ ಅನ್ನ ಬಡಿಸುತ್ತಿದ್ದರು. ಆನ್ ಮರಿಯಾ ಯಾಕೆ ಡ್ಯಾಡಿ ಎಂದು ಕೇಳಿದಳು.

“ನಿನ್ನ ಮಮ್ಮಿಗೆ ಇಲ್ಲಿ ಕೆಲಸ ಉಂಟು, ಮಗು ಉಂಟು. ಅವಳು ಇರ್ಲಿ. ನಾನು ಇಲ್ಲಿ ಕೂತು ತಿನ್ನುದು ಮಾತ್ರ,” ಎಂದರು ಪೊರ್ಬುಗಳು. “ಈಸ್ಟರಿನ ಹೊತ್ತಿಗೆ ಹಣ್ಣಾಗ್ತದೆ. ನನ್ನ ಕೈಯಾರೆ ಬೆಳೆಸಿದ್ದು ಒಂದು ಮುಷ್ಟಿ ನಿನ್ನ ಕೈಗೆ ಕೊಟ್ಟು ಹೊರಡ್ತೇನೆ. ಬರಿಗೈಯಲ್ಲಿ ಇದ್ದು ಹೋದ ಅಂತ ಆಗ್ಬಾರ್ದು.”

ನನಗೆ ಕೆಟ್ಟ ಸಿಟ್ಟು ಬಂತು. ಹೆಂಡತಿಯ ಜೊತೆ ಒಂದೇ ಮನೆಯಲ್ಲಿರಲು ವರ್ಗಾವಣೆಗೆ ಅರ್ಜಿ ಹಾಕಿ ಹಾಕಿ ಸೋತವನು ನಾನು. ಆ ಭಾಗ್ಯ ಸಿಕ್ಕವರು ಬೇಡ ಎನ್ನುತ್ತಿದ್ದರು. ಬಾಯಮ್ಮನಾದರೂ ಏನಾದರೂ ಹೇಳುತ್ತಾರೆ ಎಂದು ನೋಡಿದೆ. ಅವರು ಪೊರ್ಬುಗಳ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿ ಒಳಗೆ ಹೋದರು. ಆನ್ ಮರಿಯಾ ಊಟ ಬಿಟ್ಟು ಎದ್ದಳು.

ಮಾರ್ಚಿನ ಕೊನೆಗೆ ಕಾಯಿಗಳು ನೀಲಿಯಾದವು. ಉದ್ದುದ್ದ, ಮೇಲೆ ಬೂದಿ ಬಳಿದಂತಹ ನೀಲಿ. ಒಟ್ಟು ಸೇರಿಸಿದರೆ ಒಂದು ಸಣ್ಣ ಬಟ್ಟಲು ತುಂಬಬಹುದು. ಪೊರ್ಬುಗಳು ಒಂದನ್ನು ಕತ್ತರಿಸಿ ಎಲ್ಲರಿಗೂ ತೋರಿಸಿದರು. ಒಳಗೆ ಹಸಿರು. ಹೊರಗೆ ನೀಲಿಯಾದರೆ ಹಣ್ಣಾಯಿತು ಎಂದಲ್ಲ, ಒಳಗೂ ಕೆಂಪಾಗಲು ಇನ್ನೂ ಎರಡು ಮೂರು ವಾರ ಬೇಕು, ಅಲ್ಲಿಯವರೆಗೆ ಯಾರೂ ಮುಟ್ಟಬಾರದು ಎಂದರು. ಬಾಯಮ್ಮನಿಗೆ ಬೇರೆಯಾಗಿ ಇನ್ನೊಮ್ಮೆ ಹೇಳಿದರು. ಬಾಯಮ್ಮ ಚೂರೊಂದನ್ನು ನಾಲಿಗೆಗೆ ತಾಗಿಸಿ, ಹುಳಿ ಉಂಟು ಎಂದರು.

ಆಗಲೇ ನನಗೆ ಹೊಳೆಯಬೇಕಿತ್ತು. ನಮ್ಮ ಕರಾವಳಿಯ ಹೆಂಗಸರ ಮುಂದೆ ಹುಳಿಯಾದ ಯಾವ ಕಾಯಿಯೂ ಹೆಚ್ಚು ದಿನ ಕಾಯಿಯಾಗಿ ಉಳಿಯುವುದಿಲ್ಲ. ಬಿಂಬುಳಿ, ಅಂಬಟೆ, ಮಾವಿನ ಮಿಡಿ, ಯಾವುದಿದ್ದರೂ ಅದು ಒಂದೋ ಉಪ್ಪಿನಕಾಯಿ, ಇಲ್ಲವೇ ಮೀನಿನ ಸಾರು.

ಗುಡ್ ಫ್ರೈಡೆಗೆ ಎರಡು ವಾರ ಮುಂಚಿನ ಶುಕ್ರವಾರ. ಪೊರ್ಬುಗಳು ಮಗಳ ಜೊತೆ ಶಿಲುಬೆಯ ಹಾದಿಯ ಪ್ರಾರ್ಥನೆಗೆ ಜೆಬೆಲ್ ಅಲಿಯ ಇಗರ್ಜಿಗೆ ಹೋಗಿದ್ದರು. ಅವರು ಬರುವ ಹೊತ್ತಿಗೆ ನಾನೂ ಊಟಕ್ಕೆ ಇಳಿದೆ. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಸಾರು ಎಂದಿನ ಕೆಂಪಲ್ಲ, ಸ್ವಲ್ಪ ನೇರಳೆಗೆ ತಿರುಗಿತ್ತು. ರುಚಿ ಮಾತ್ರ ಬಹಳ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆನ್ ಮರಿಯಾ ಎರಡನೆಯ ಸಲ ಹಾಕಿಸಿಕೊಂಡು, ಇದಕ್ಕೆ ಹುಳಿ ಎಂತ ಹಾಕಿದ್ದು ಮಮ್ಮಿ ಎಂದು ಕೇಳಿದಳು.

“ಡ್ಯಾಡಿಯ ಕಾಯಿ,” ಎಂದರು ಬಾಯಮ್ಮ.

ಪೊರ್ಬುಗಳು ಎದ್ದು ಹಿಂದಿನ ಬಾಗಿಲು ತೆರೆದು ಹೊರಗೆ ಹೋದರು. ಎರಡೂ ಗಿಡಗಳಲ್ಲಿ ಒಂದು ಕಾಯಿಯೂ ಉಳಿದಿಲ್ಲದ್ದು ನೋಡಿ, ಬಂದು ಕೈ ತೊಳೆದು ಮತ್ತೆ ಕೂತರು. ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಎರಡು ವರ್ಷ ಮಗುವಿನಂತೆ ಸಾಕಿದ್ದು ಒಂದು ಸಾರಿನ ಚಟ್ಟಿಯಲ್ಲಿ ಮುಗಿದಿತ್ತು.

ಆನ್ ಮರಿಯಾ ತನ್ನ ತಟ್ಟೆಯಲ್ಲಿ ಕೈಯಾಡಿಸಿ, ಬೆಂದು ಮೆತ್ತಗಾದ ಒಂದು ಕಾಯಿಯನ್ನು ಹುಡುಕಿ ಅಪ್ಪನ ತಟ್ಟೆಗೆ ಹಾಕಿದಳು.

“ಡ್ಯಾಡಿ, ನಿಮ್ಗೆ ಸಿಗ್ಲಿಲ್ಲ. ನೋಡಿ, ಒಳ್ಳೆದುಂಟು,” ಎಂದಳು. ಅವಳು ಅಳುತ್ತಿದ್ದಳು.

ಪೊರ್ಬುಗಳು ಅದನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. ಮೂವತ್ತು ವರ್ಷ ಸರಕು ಪರೀಕ್ಷೆ ಮಾಡಿದ ಮುಖವೇ ಅದು.

“ಇದು ಹಣ್ಣಿನ ರುಚಿ ಅಲ್ಲ,” ಎಂದರು. “ಹಣ್ಣಿನ ರುಚಿ ನೀನು ನೋಡ್ಲೇ ಇಲ್ಲ. ಇದನ್ನು ಕೊಟ್ಟದ್ದು ಅಂತ ಹೇಳ್ಲಿಕ್ಕಾಗುದಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, ಡಿಸೆಂಬರಿನಲ್ಲಿ ನಿನ್ನ ಫ್ರಿಜ್ಜು ಮತ್ತೆ ಬೇಕಾಗುತ್ತದೆ, ಈಗಲೇ ಹೇಳಿದ್ದೇನೆ ಎಂದರು. ಸಾರಿನ ಪಾತ್ರೆಯನ್ನು ತಾವೇ ಎಳೆದುಕೊಂಡು ಬಡಿಸಿಕೊಂಡರು.

ಊಟವಾದ ಮೇಲೆ ನಾನು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದೆ. ಬಾಯಮ್ಮ ಮಣ್ಣಿನ ಚಟ್ಟಿ ಉಜ್ಜುತ್ತಿದ್ದರು. ಹಣ್ಣಾಗಿಲ್ಲ ಎಂದು ಪೊರ್ಬುಗಳು ಎರಡೆರಡು ಸಲ ಹೇಳಿದ್ದರಲ್ಲ, ಅಭ್ಯಾಸಬಲ ಎಂದರೂ ಇಷ್ಟೊಂದು ಮರೆವು ಹೇಗೆ ಎಂದು ಕೇಳಿದೆ. ನನ್ನ ದನಿ ಸ್ವಲ್ಪ ಜೋರಾಗಿಯೇ ಇತ್ತು.

ಅವರು ನಲ್ಲಿ ನಿಲ್ಲಿಸಿದರು.

“ಮರ್ತದ್ದು ಯಾರು? ಹಣ್ಣಾಗಿದ್ರೆ ಹೊರಡ್ತಿದ್ರು,” ಎಂದರು. “ಮೂವತ್ತು ವರ್ಷ ಫೋನಲ್ಲಿ ಸಂಸಾರ ಮಾಡಿದ್ದು ಸಾಕು ತಿಲಕ್. ಇನ್ನು ನನ್ನಿಂದ ಆಗುದಿಲ್ಲ.”

ಬರುವ ವರ್ಷ ಹಣ್ಣಾದರೆ ಏನು ಮಾಡುತ್ತೀರಿ ಎಂದು ಕೇಳಿದೆ.

“ಬಂಗುಡೆ ಬರುವ ವರ್ಷವೂ ಸಿಗ್ತದೆ,” ಎಂದು ಹೇಳಿ ನಲ್ಲಿ ತಿರುಗಿಸಿದರು.