ಸಿಸ್ಟಮ್ ಸರ್ ಮಾಡಿದ ರಿಪೇರಿ, ನನಗೆ ಬಂದ ಶೀಲ್ಡು

ಮೊನ್ನೆ ಅಟ್ಟ ಕ್ಲೀನ್ ಮಾಡುವಾಗ ಆ ಗಾಜಿನ ಶೀಲ್ಡು ಡಬ್ಬದ ಸಮೇತ ಕೈಗೆ ಸಿಕ್ಕಿತು. ‘ತಿಂಗಳ ಅತ್ಯುತ್ತಮ ಉದ್ಯೋಗಿ’ ಅಂತ ಕೆತ್ತಿ ಕೆಳಗೆ ನನ್ನ ಹೆಸರು. ಎತ್ತಿ ಕಾಂಪೌಂಡಿನ ಆಚೆ ಬಿಸಾಕೋಣ ಅನ್ನಿಸಿತು. ಅದು ನನ್ನದಲ್ಲ ಕಣ್ರೀ. ನಮ್ಮ ಸಿಸ್ಟಮ್ ಸರ್‌ದು.

ಹೆಬ್ಬಾಳದ ಹತ್ತಿರ ಒಂದು ಖಾಸಗಿ ಆಸ್ಪತ್ರೆ. ಅಲ್ಲಿನ ಕಂಪ್ಯೂಟರ್ ವಿಭಾಗ ಅಂದ್ರೆ ಮೆಟ್ಟಿಲ ಕೆಳಗಿನ ಕೋಣೆ, ಅದರಲ್ಲಿ ಅವರು ಮತ್ತು ನಾನು. ಆರ್.ಟಿ. ನಗರದವರು. ಮನೇಲಿ ದಖನಿ ಉರ್ದು, ನನ್ನ ಹತ್ತಿರ ಕನ್ನಡ, ಕರೆಯೋದು ಮಾತ್ರ ‘ಬೇಟಿ’. ಜೇಬಲ್ಲಿ ಯಾವಾಗಲೂ ಏಲಕ್ಕಿ. ಆಯುಧಪೂಜೆಗೆ ಸರ್ವರ್ ಪೆಟ್ಟಿಗೆಗೆ ಚೆಂಡುಹೂವಿನ ಹಾರ ಹಾಕ್ತಿದ್ದದ್ದು ಅವರೇ. ವೈರಿನ ಮೇಲೆ ನೀರು ಬೀಳಬಾರದು ಅಂತ ಮೊದಲು ಹಾರವನ್ನ ಟವೆಲಿನಲ್ಲಿ ಒತ್ತಿ ಒತ್ತಿ ಒರೆಸೋರು...

ಡಿಎಚ್‌ಸಿಪಿ ಸರ್ವರ್ ಅಂದ್ರೇನು ಅಂತ ನನಗೆ ಕಲಿಸಿದ್ದೂ ಅವರೇ. “ನೋಡು ಬೇಟಿ, ಇದು ಮನೆ ಬಾಡಿಗೆಗೆ ಕೊಡಿಸೋ ಬ್ರೋಕರ್ ಇದ್ದಂಗೆ. ಒಂದೊಂದು ಮೆಷೀನಿಗೂ ಒಂದು ವಿಳಾಸ ಕೊಡುತ್ತೆ, ಆಗಾಗ ಬದಲಾಯಿಸುತ್ತೆ. ಬದಲಾದಾಗೆಲ್ಲ ಪೋಸ್ಟಾಫೀಸಿಗೆ ಹೋಗಿ, ಇಂಥವರು ಈಗ ಇಂಥ ಮನೇಲಿದಾರೆ ಅಂತ ಬರೆಸೋ ಕೆಲಸಾನೂ ಇದಕ್ಕೇ ವಹಿಸಿದೀನಿ.” ಆ ಪೋಸ್ಟಾಫೀಸೇ ಡಿಎನ್‌ಎಸ್. ಹಾಗೆ ಬರೆಸೋಕೆ ಒಂದು ಅಕೌಂಟು, ಪಾಸ್‌ವರ್ಡು ಬೇಕು. ಇದಕ್ಕಂತಲೇ ಬೇರೆ ಅಕೌಂಟ್ ಮಂಜೂರು ಮಾಡಿ ಅಂತ ಮ್ಯಾನೇಜರಿಗೆ ಮೂರು ಸಲ ಮೇಲ್ ಬರೆದರು. ಮೂರಕ್ಕೂ ನನಗೆ ಕಾಪಿ. ಒಂದಕ್ಕಾದರೂ ಉತ್ತರ? ಊಹೂಂ. ಕೆಲಸ ನಿಲ್ಲಬಾರದಲ್ಲ, ಸದ್ಯಕ್ಕೆ ಅಂತ ತಮ್ಮದೇ ಅಕೌಂಟ್ ಹಾಕಿದರು. ಅದನ್ನೂ ಮೂರನೇ ಮೇಲಿನಲ್ಲಿ ಬರೆದಿದ್ದರು, ‘ನಾನು ಹೋದರೆ ಇದು ನಿಲ್ಲುತ್ತೆ’ ಅಂತ.

ಒಂದು ದಿನ ಆಸ್ಪತ್ರೆಯವರು ಸರ್ ಕೆಲಸವನ್ನ ಹೊರಗಿನ ಏಜೆನ್ಸಿಗೆ ಒಪ್ಪಿಸಿ ಅವರನ್ನ ಮನೆಗೆ ಕಳಿಸಿದರು, ನನ್ನನ್ನ ಉಳಿಸಿಕೊಂಡರು. ಅವತ್ತೇ ಸಂಜೆ ಅವರ ಅಕೌಂಟೂ ಬಂದ್. ಒಂದು ವಾರ ಏನೂ ಆಗಲಿಲ್ಲ. ಆಮೇಲೆ ಮೆಷೀನುಗಳ ವಿಳಾಸ ಒಂದೊಂದಾಗಿ ಬದಲಾಯಿತು, ಬರೆಸೋರಿಲ್ಲ, ಹಳೇ ಮನೆಗೆ ಬೇರೆ ಬಾಡಿಗೆದಾರ ಬಂದಿದ್ದರೂ ಹೆಸರುಗಳು ಅದನ್ನೇ ತೋರಿಸ್ತಾ ಕೂತವು. ಲ್ಯಾಬಿನಿಂದ ಐಸಿಯುಗೆ ಕಳಿಸಿದ ರಕ್ತಪರೀಕ್ಷೆಯ ರಿಪೋರ್ಟು ಕ್ಯಾಂಟೀನಿನ ಪ್ರಿಂಟರಿನಲ್ಲಿ ಬಂತು! ನರ್ಸುಗಳು ಕಾಗದ ಹಿಡ್ಕೊಂಡು ಮಹಡಿಯಿಂದ ಮಹಡಿಗೆ ಓಡಿದರು.

ಮೀಟಿಂಗಿನಲ್ಲಿ ಮ್ಯಾನೇಜರ್ ಮೇಜು ಕುಟ್ಟಿದ. “ಹೋಗೋವಾಗ ಬೇಕಂತ ಏನೋ ಕಿತಾಪತಿ ಮಾಡಿ ಹೋಗಿದಾನೆ. ಅಂಥವ್ರನ್ನ ನಂಬಬಾರ್ದು ಅಂತ ನಾನ್ ಮೊದಲೇ ಹೇಳಿದ್ದೆ.” ಅಂಥವರು ಅಂದ್ರೆ ಎಂಥವರು? ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಒಬ್ಬರೂ ಕೇಳಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಮೂರು ಮೇಲ್ ಬಂದರೂ ಓದದ ಮನುಷ್ಯ ಮೇಜು ಕುಟ್ಟುತ್ತಿದ್ದಾನೆ, ಆ ಮೂರೂ ನನ್ನ ಕಂಪ್ಯೂಟರಿನಲ್ಲಿವೆ, ನಾನು ನೋಟ್‌ಬುಕ್ಕಿನಲ್ಲಿ ಗೀಚ್ತಾ ಕೂತಿದ್ದೇನೆ. ನನ್ನ ನಾಲಿಗೆಗೇನು ಲಕ್ವ ಹೊಡೆದಿತ್ತಾ? ಕೆಲಸ ಪರ್ಮನೆಂಟ್ ಆಗೋದಿತ್ತು, ಅಷ್ಟೆ.

ಆಚೆ ಬಂದವಳೇ ಮೆಟ್ಟಿಲ ಕೆಳಗೆ ನಿಂತು ಸರ್‌ಗೇ ಫೋನ್ ಮಾಡಿದೆ. ಏನಾಗಿದೆ ಅಂತ ಹೇಳಿದೆ, ಅವರ ಬಗ್ಗೆ ಏನಂದರು ಅನ್ನೋದನ್ನ ನುಂಗಿಕೊಂಡೆ. “ನನ್ನ ಅಕೌಂಟ್ ಕ್ಲೋಸ್ ಮಾಡಿರ್ತಾರೆ ಬೇಟಿ. ಹೊಸದೊಂದು ಮಾಡಿ ಅಲ್ಲಿ ಹಾಕು. ಹಳೇದನ್ನೆಲ್ಲ ಬರೆಸಿದ್ದು ನನ್ನ ಅಕೌಂಟು, ಹೊಸದಕ್ಕೆ ತಿದ್ದೋಕೆ ಬಿಡಲ್ಲ. ಅವನ್ನ ಅಳಿಸಿಬಿಡು. ಐಸಿಯುದು ಮೊದಲು ಮಾಡು.” ಮಧ್ಯಾಹ್ನದೊಳಗೆ ಎಲ್ಲ ಸರಿಯಾಯಿತು. ಮುಂದಿನ ತಿಂಗಳು ಶೀಲ್ಡು ಬಂತು. ಮ್ಯಾನೇಜರೇ ಚಪ್ಪಾಳೆ ಶುರು ಮಾಡಿದ. ಎರಡೂ ಕೈ ಚಾಚಿ ಇಸ್ಕೊಂಡೆ, ಥೂ.

ಅವರಿಗೆ ಮಾತ್ರ ಮತ್ತೆ ಅಂಥ ಕೆಲಸ ಸಿಗಲಿಲ್ಲ. ಯಾರೇ ವಿಚಾರಿಸಿದರೂ ನಮ್ಮ ಮ್ಯಾನೇಜರ್ ಅದೇ ಪುರಾಣ ಓದುತ್ತಿದ್ದ. ಜಾಲಹಳ್ಳಿಯ ಯಾವುದೋ ಜೆರಾಕ್ಸ್ ಅಂಗಡಿಯಲ್ಲಿ ಕೂತಿದ್ದಾರೆ ಅಂತ ಕೇಳಿದ್ದೆ... ಆ ರಸ್ತೆಯಲ್ಲಿ ಬಸ್ಸು ಹೋಗುವಾಗ ಕಿಟಕಿ ಕಡೆ ನೋಡ್ತಿರಲಿಲ್ಲ.

ಆಸ್ಪತ್ರೆ ಬಿಡುವಾಗ ಆ ಮೂರು ಮೇಲುಗಳ ಪ್ರಿಂಟ್ ತೆಗೆದು ಶೀಲ್ಡಿನ ಡಬ್ಬದಲ್ಲೇ ತುರುಕಿದ್ದೆ. ಮೊನ್ನೆ ಅವು ಹಾಗೇ ಇದ್ದವು. ತಗೊಂಡು ಸೀದಾ ಆರ್.ಟಿ. ನಗರಕ್ಕೆ ಹೋದೆ. ಬಾಗಿಲು ತೆಗೆದದ್ದು ಅವರ ಹೆಂಡತಿ. ಸರ್ ತೀರಿಹೋಗಿ ಎರಡು ವರ್ಷವಾಯಿತಂತೆ. ಕಾಗದಗಳನ್ನ ಅವರ ಕೈಗಿಟ್ಟೆ, ಎಲ್ಲ ಹೇಳಿದೆ.

ಅವರು ಕನ್ನಡಕ ಹಾಕಿಕೊಂಡು ಮೂರನೇ ಹಾಳೆಯವರೆಗೂ ನೋಡಿದರು. “ಇದಕ್ಕೇ ಅಲ್ವಾ ಒದ್ದಾಡಿದ್ದು. ಎಲ್ಲಾ ಆಸ್ಪತ್ರೆ ಕಂಪ್ಯೂಟರಲ್ಲೇ ಉಳ್ಕೊಂಡ್ವು, ಬೇಟಿ ಹತ್ರ ಕಾಪಿ ಇದೆ ಅಂತಿದ್ರು. ಹಂಗಾದ್ರೆ ಕೇಳ್ರೀ ಅಂತ ನಾನು ಎಷ್ಟೋ ಸಲ ಅಂದೆ.”

“ಕೇಳಲೇ ಇಲ್ಲ ಅವರು,” ಅಂದೆ.

“ಬೇಡ, ಆ ಹುಡುಗಿ ಕೆಲಸಕ್ಕೆ ತೊಂದ್ರೆ ಆಗುತ್ತೆ ಅಂದ್ರು.”

ಚಾ ತಂದುಕೊಟ್ಟರು. ಏಲಕ್ಕಿ ಹಾಕಿತ್ತು. ನನಗೆ ಕುಡಿಯೋಕಾಗಲಿಲ್ಲ.